ಥೈರಾಯ್ಡ್ ಜೊತೆಗೆ ಕಣ್ಣೂ ಒಣಗುತ್ತಿದ್ದರೆ: ಮಾತ್ರೆ, ಹನಿ, ಮುಲಾಮು ಯಾವಾಗ, ಹೇಗೆ, ಯಾವ ಕ್ರಮದಲ್ಲಿ

ಟಿಎಸ್‌ಎಚ್ (ಥೈರಾಯ್ಡ್ ಹತೋಟಿ ತಿಳಿಸುವ ರಕ್ತ ಪರೀಕ್ಷೆ) ರಿಪೋರ್ಟ್ ಸರಿಯಾಗಿ ಬಂದಿದೆ, ಮೆಡಿಕಲ್ ಶಾಪಿನ ಹನಿಯನ್ನೂ ಹಾಕುತ್ತಿದ್ದೇವೆ, ಆದರೂ ಕಣ್ಣುರಿ ಹೋಗಿಲ್ಲ ಎಂಬ ದೂರು ಮತ್ತೆ ಮತ್ತೆ ಬರುತ್ತದೆ. ಹೀಗೆ ಕೇಳುವವರು ಎಡವುವ ಜಾಗಗಳು ಹೆಚ್ಚುಕಡಿಮೆ ಇಷ್ಟೇ: ಬೆಳಗಿನ ಮಾತ್ರೆ ಕಾಫಿಯ ಜೊತೆ ಹೋಗುತ್ತಿರುತ್ತದೆ, ಹನಿ ಕಣ್ಣಿಗಿಂತ ಕೆನ್ನೆಗೆ ಹೆಚ್ಚು ಬೀಳುತ್ತಿರುತ್ತದೆ, ರಾತ್ರಿ ರೆಪ್ಪೆ ಪೂರ್ತಿ ಮುಚ್ಚುತ್ತಿದೆಯೇ ಎಂದು ಮನೆಯಲ್ಲಿ ಯಾರೂ ನೋಡಿರುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ರಕ್ತದಲ್ಲಿ ಥೈರಾಯ್ಡ್ ಸರಿಹೋದರೆ ಕಣ್ಣು ತಾನಾಗಿಯೇ ಸರಿಹೋಗುತ್ತದೆ ಎಂದು ಕಾದು ಕೂರುವುದು. ಹಾರ್ಮೋನ್ ಹತೋಟಿಗೆ ಬರುವುದು ಕಣ್ಣಿಗೆ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬಿದ್ದಿರುವ ರೋಗನಿರೋಧಕ ಶಕ್ತಿಯೇ ಕೆಲವರಲ್ಲಿ ಕಣ್ಣಿನ ಹಿಂದಿನ ಸ್ನಾಯುಗಳನ್ನೂ ಕೊಬ್ಬನ್ನೂ ಊದಿಸುತ್ತದೆ, ಇನ್ನು ಕೆಲವರಲ್ಲಿ ಕಣ್ಣೀರಿನ ಗ್ರಂಥಿಯನ್ನು ಸೊರಗಿಸುತ್ತದೆ. ಟಿಎಸ್‌ಎಚ್ ಅಂಕಿ ಸರಿಹೋದ ಮೇಲೂ ಈ ತೊಂದರೆ ತನ್ನ ಪಾಡಿಗೆ ತಾನು ನಡೆಯಬಹುದು. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ, ಆದರೆ ಒಟ್ಟೊಟ್ಟಿಗೆ ನೋಡಿಕೊಳ್ಳಬೇಕು.

## ಮೊದಲು ಹತ್ತಿರ ಇಟ್ಟುಕೊಳ್ಳಬೇಕಾದವು

ಒಂದು ಸಣ್ಣ ನೋಟ್‌ಬುಕ್, ಟಾರ್ಚ್ (ಮೊಬೈಲಿನದೇ ಸಾಕು), ಮೆತ್ತನೆಯ ಹತ್ತಿ ಬಟ್ಟೆ ಎರಡು, ಮುಖ ನೋಡುವ ಕನ್ನಡಿ. ಇವುಗಳ ಜೊತೆಗೆ, ಕಾಯಿಲೆ ಶುರುವಾಗುವ ಮೊದಲು ತೆಗೆಸಿದ ಒಂದು ಸ್ಪಷ್ಟವಾದ ಫೋಟೊ, ಮದುವೆಯದಾದರೂ ಆದೀತು. ಹಳೆಯ ಟಿಎಸ್‌ಎಚ್ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಆ ಸಮಯದಲ್ಲಿ ಯಾವ ಕಂಪನಿಯ ಮಾತ್ರೆ, ಎಷ್ಟು ಮೈಕ್ರೋಗ್ರಾಂ ನಡೆಯುತ್ತಿತ್ತು ಎಂದು ಪಕ್ಕದಲ್ಲಿ ಬರೆಯಿರಿ. ಈ ಒಂದು ಹಾಳೆ ಇದ್ದರೆ ವೈದ್ಯರ ಹತ್ತಿರ ಅರ್ಧ ಮಾತು ಉಳಿಯುತ್ತದೆ.

## ಹಂತ 1: ಇವುಗಳಲ್ಲಿ ಒಂದು ಕಂಡರೂ ಹನಿ ಹಾಕುತ್ತಾ ಕೂರಬೇಡಿ

ಈ ಭಾಗವನ್ನು ಮೊದಲಿಗೇ ಇಟ್ಟಿರುವುದಕ್ಕೆ ಕಾರಣವಿದೆ. ಒಣಗಣ್ಣು ಎಂದುಕೊಂಡು ವಾರಗಟ್ಟಲೆ ತಳ್ಳಿದವರಲ್ಲಿ ಕೆಲವರಿಗೆ ನಿಜಕ್ಕೂ ಇರುವುದು ಕಣ್ಣಿನ ನರ ಒತ್ತಿಕೊಳ್ಳುತ್ತಿರುವ ತೊಂದರೆ. ಊದಿದ ಸ್ನಾಯುಗಳು ಕಣ್ಣುಗುಡ್ಡೆಯ ಹಿಂದೆ ನರವನ್ನು ಅಮುಕುತ್ತವೆ. ತಡವಾದರೆ ಕಳೆದುಹೋದ ದೃಷ್ಟಿ ಮರಳಿ ಬರದೇ ಇರಬಹುದು.

ಬಣ್ಣ ಮಾಸುವುದು ಇದರ ಮೊದಲ ಸೂಚನೆಗಳಲ್ಲೊಂದು. ಮನೆಯಲ್ಲೇ ನೋಡಿಕೊಳ್ಳಬಹುದು: ಒಳ್ಳೆ ಬೆಳಕಿನಲ್ಲಿ ಕುಂಕುಮದ ಭರಣಿಯನ್ನು ಎದುರಿಗಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿ. ಒಂದು ಕಣ್ಣಿಗೆ ಕೆಂಪು ಕೆಂಪಾಗಿಯೇ ಕಂಡು, ಇನ್ನೊಂದಕ್ಕೆ ಇಟ್ಟಿಗೆ ಬಣ್ಣವೋ ಕಂದೋ ಆಗಿ ಕಂಡರೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಿ. ಎರಡೂ ಕಣ್ಣಿಗೆ ಒಟ್ಟಿಗೇ ಮಾಸಿದರೆ ಈ ಪರೀಕ್ಷೆಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಹಾಗಾಗಿ ಇದರಲ್ಲಿ ಸರಿ ಬಂದ ಮಾತ್ರಕ್ಕೆ ನಿಶ್ಚಿಂತೆ ಬೇಡ.

ತಡಮಾಡಬಾರದ ಉಳಿದ ಲಕ್ಷಣಗಳು:

- ದೃಷ್ಟಿ ಕೆಲವೇ ದಿನಗಳಲ್ಲಿ ಮಂಜಾಗಿದೆ, ರೆಪ್ಪೆ ಬಡಿದರೂ ತಿಳಿಯಾಗುತ್ತಿಲ್ಲ. ಒಣಗಣ್ಣಿನ ಮಂಜು ಎರಡು ಸಲ ರೆಪ್ಪೆ ಬಡಿದರೆ ಕೊಂಚ ಹೊತ್ತು ಸರಿಯುತ್ತದೆ, ಇದು ಸರಿಯುವುದಿಲ್ಲ.
- ಒಂದು ವಸ್ತು ಎರಡಾಗಿ ಕಾಣಲು ಶುರುವಾಗಿದೆ.
- ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಜೋರು ನೋವು, ಬೆಳಕು ಸಹಿಸಲಾಗದಿರುವುದು. ಇದು ಹುಣ್ಣಾಗಿರಬಹುದು.
- ಕಣ್ಣುಗುಡ್ಡೆ ಮುಂದೆ ಬಂದು ರೆಪ್ಪೆ ಮುಚ್ಚಲಾಗುತ್ತಿಲ್ಲ.

ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಎರಡೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು, ಎರಡರಲ್ಲೂ ನೇತ್ರ ವಿಭಾಗವಿದೆ. ಹೋದಾಗ "ಕಣ್ಣುರಿ" ಎಂದಷ್ಟೇ ಹೇಳಿದರೆ ಸಾಮಾನ್ಯ ಸರದಿಯಲ್ಲಿ ಕೂರಬೇಕಾಗುತ್ತದೆ. "ಥೈರಾಯ್ಡ್ ಇದೆ, ಎರಡು ದಿನದಿಂದ ಬಣ್ಣ ಮಾಸಿ ಕಾಣುತ್ತಿದೆ" ಎಂದು ಮೊದಲ ವಾಕ್ಯದಲ್ಲೇ ಹೇಳಿ.

ಕಣ್ಣಿಗೆ ಸಂಬಂಧಿಸಿದ್ದಲ್ಲದ ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಥೈರಾಯ್ಡ್ ಹೆಚ್ಚಾಗಿ ಕಾರ್ಬಿಮಜೋಲ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಜ್ವರ, ಗಂಟಲು ನೋವು, ಬಾಯಿಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಂಡು ಬಿಳಿ ರಕ್ತಕಣದ ಎಣಿಕೆ ಮಾಡಿಸಬೇಕು. ಅಪರೂಪಕ್ಕೆ ಈ ಔಷಧ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಶೀತದ ಜ್ವರವೆಂದು ಪ್ಯಾರಾಸಿಟಮಾಲ್ ನುಂಗಿ ಮಲಗುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

## ಹಂತ 2: ನಿಮ್ಮದು ಯಾವ ಬಗೆಯ ಒಣಗಣ್ಣು ಎಂದು ಗುರುತಿಸಿಕೊಳ್ಳಿ

ಒಣಗಣ್ಣು ಎಂದರೆ ಎಲ್ಲರಿಗೂ ಒಂದೇ ಅಲ್ಲ. ಕಣ್ಣೀರು ಕಡಿಮೆ ಉತ್ಪತ್ತಿಯಾಗುವುದು ಒಂದು ಬಗೆ. ಕಣ್ಣೀರು ಸಾಕಷ್ಟಿದ್ದರೂ ಬೇಗ ಆರಿಹೋಗುವುದು ಇನ್ನೊಂದು. ರೆಪ್ಪೆಯಂಚಿನ ಎಣ್ಣೆ ಗ್ರಂಥಿಗಳು ಕಟ್ಟಿಕೊಂಡರೆ ಹೀಗಾಗುತ್ತದೆ. ಮೂರನೆಯದು ಥೈರಾಯ್ಡಿನವರಲ್ಲಿ ಹೆಚ್ಚು ಕಾಣುವಂಥದ್ದು: ಮೇಲಿನ ರೆಪ್ಪೆ ಮೇಲಕ್ಕೆ ಸರಿದು ಅಥವಾ ಗುಡ್ಡೆ ಮುಂದೆ ಬಂದು ಕಣ್ಣು ಗಾಳಿಗೆ ತೆರೆದುಕೊಂಡೇ ಇರುವುದು. ಒಬ್ಬರಲ್ಲೇ ಎರಡು ಮೂರು ಸೇರಿರುವುದೂ ಉಂಟು.

ಕಣ್ಣಲ್ಲಿ ನೀರು ಸುರಿಯುತ್ತಿದೆ, ಇದು ಒಣಗಣ್ಣು ಹೇಗಾದೀತು ಎಂದು ಹಲವರು ಕೇಳುತ್ತಾರೆ. ಮೇಲ್ಪದರ ಒಣಗಿ ಕೆರಳಿದಾಗ ಕಣ್ಣು ಒಮ್ಮೆಲೇ ನೀರು ಸುರಿಸುತ್ತದೆ. ಆ ನೀರಿನಲ್ಲಿ ಎಣ್ಣೆಯಂಶ ಸಾಲದ್ದರಿಂದ ಅದು ಕಣ್ಣಿನ ಮೇಲೆ ನಿಲ್ಲದೆ ಕೆನ್ನೆಗಿಳಿಯುತ್ತದೆ. ಸ್ಕೂಟರ್ ಮೇಲೆ ಹೋಗುವಾಗ ನೀರು ಸುರಿಯುವುದು ಒಣಗಣ್ಣಿಗೇ ಸೂಚನೆ.

ಮನೆಯಲ್ಲಿ ಗಮನಿಸಬೇಕಾದ್ದು:

ಹೊತ್ತು. ಎದ್ದಾಗಲೇ ಉರಿ ಜಾಸ್ತಿ ಎಂದರೆ ರಾತ್ರಿ ರೆಪ್ಪೆ ಪೂರ್ತಿ ಮುಚ್ಚುತ್ತಿಲ್ಲ ಅಥವಾ ರೆಪ್ಪೆಯಂಚು ಕಟ್ಟಿಕೊಂಡಿದೆ ಎಂದು ಅನುಮಾನಿಸಬಹುದು. ಸಂಜೆಯ ಹೊತ್ತಿಗೆ ಹೆಚ್ಚಾದರೆ ಕಣ್ಣೀರಿನ ಕೊರತೆ, ಮೊಬೈಲ್-ಕಂಪ್ಯೂಟರಿನ ಪರದೆ, ಗಾಳಿ ಕಾರಣವಿರಬಹುದು.

ಹಳೆಯ ಫೋಟೊ. ಕನ್ನಡಿಯಲ್ಲಿ ನೇರ ನೋಡಿ. ಕರಿಗುಡ್ಡೆಯ ಮೇಲಂಚನ್ನು ಸಾಮಾನ್ಯವಾಗಿ ಮೇಲಿನ ರೆಪ್ಪೆ ಸ್ವಲ್ಪ ಮುಚ್ಚಿರುತ್ತದೆ. ಅಂಚಿಗೂ ರೆಪ್ಪೆಗೂ ನಡುವೆ ಬಿಳಿ ಕಾಣುತ್ತಿದ್ದರೆ, ಹಳೆಯ ಫೋಟೊದಲ್ಲಿ ಅದು ಇಲ್ಲದಿದ್ದರೆ, ರೆಪ್ಪೆ ಮೇಲೆ ಸರಿದಿದೆ. "ಏನು ಹೀಗೆ ದುರುಗುಟ್ಟಿ ನೋಡ್ತೀಯ" ಎಂದು ಮನೆಯವರು ಅನ್ನುತ್ತಿದ್ದರೂ ಇದೇ ಕಾರಣ ಇರಬಹುದು.

ನಿದ್ದೆ. ನಿಮಗೆ ನಿದ್ದೆ ಹತ್ತಿದ ಮೇಲೆ ಮನೆಯವರು ಯಾರಾದರೂ ಟಾರ್ಚನ್ನು ಪಕ್ಕದಿಂದ ಹಿಡಿದು, ರೆಪ್ಪೆಗಳ ನಡುವೆ ಬಿಳಿ ಗೆರೆ ಕಾಣುತ್ತದೆಯೇ ನೋಡಲಿ. ಎರಡು ಮೂರು ರಾತ್ರಿ ನೋಡಬೇಕು.

ಬಾಯಿ. ನೀರು ಕುಡಿಯದೆ ರೊಟ್ಟಿಯೋ ಅವಲಕ್ಕಿಯೋ ಗಂಟಲಿಗಿಳಿಯುತ್ತಿಲ್ಲ, ನಾಲಿಗೆ ಅಂಟುತ್ತದೆ ಎಂದರೆ ವೈದ್ಯರಿಗೆ ಹೇಳಿ. ಶೋಗ್ರನ್ ಎಂಬ ಕಾಯಿಲೆ ಕಣ್ಣೀರು, ಜೊಲ್ಲು ಎರಡನ್ನೂ ಬತ್ತಿಸುತ್ತದೆ. ಥೈರಾಯ್ಡ್ ತೊಂದರೆಯ ಜೊತೆಗೆ ಅದು ಇರುವ ಸಾಧ್ಯತೆ ಸಾಮಾನ್ಯ ಜನರಿಗಿಂತ ಹೆಚ್ಚು. ಅದಕ್ಕೆ ಬೇರೆ ರಕ್ತ ಪರೀಕ್ಷೆಯಿದೆ.

ಕಣ್ಣಿನ ವೈದ್ಯರಲ್ಲಿ ಎರಡು ಪರೀಕ್ಷೆಗಳ ಅಂಕಿಯನ್ನು ಕೇಳಿ ಬರೆದುಕೊಳ್ಳಿ. ಶಿರ್ಮರ್ ಪರೀಕ್ಷೆಯಲ್ಲಿ ಸಣ್ಣ ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. 10 ಮಿಲಿಮೀಟರಿಗಿಂತ ಹೆಚ್ಚು ಒದ್ದೆಯಾದರೆ ಸರಿ, 5ಕ್ಕಿಂತ ಕಡಿಮೆಯಾದರೆ ಕಣ್ಣೀರಿನ ಕೊರತೆ. ಇನ್ನೊಂದರಲ್ಲಿ ಹಳದಿ ಬಣ್ಣ ಹಾಕಿ, ರೆಪ್ಪೆ ಬಡಿಯದೆ ಇದ್ದಾಗ ಕಣ್ಣೀರಿನ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಎಂದು ನೋಡುತ್ತಾರೆ. 10 ಸೆಕೆಂಡಿಗಿಂತ ಬೇಗ ಒಡೆದರೆ ಪದರ ನಿಲ್ಲುತ್ತಿಲ್ಲ. ಪರೀಕ್ಷೆಯ ದಿನ ಮನೆಯಿಂದ ಹೊರಡುವ ಮುಂಚೆ ಹನಿ ಹಾಕಿಕೊಂಡರೆ ಅಂಕಿ ತಪ್ಪು ಬರುತ್ತದೆ.

## ಹಂತ 3: ಬೆಳಗಿನ ಮಾತ್ರೆಯ ಗಡಿಯಾರ ಸರಿಪಡಿಸಿ

ಥೈರಾಯ್ಡ್ ಕಡಿಮೆಯಿರುವವರಿಗೆ ಕೊಡುವ ಲೆವೊಥೈರಾಕ್ಸಿನ್ ಬಗ್ಗೆ ಈ ಹಂತ. ಹಾರ್ಮೋನ್ ಕಡಿಮೆಯಿದ್ದರೆ ಕಣ್ಣೀರು ಕಡಿಮೆಯಾಗಬಹುದು, ರೆಪ್ಪೆ ಊದಿಕೊಳ್ಳುತ್ತದೆ. ಅಂದರೆ ಮಾತ್ರೆ ಹೊಟ್ಟೆಯಲ್ಲಿ ಸರಿಯಾಗಿ ಇಳಿಯದಿದ್ದರೆ ಕಣ್ಣಿಗೆ ಹಾಕಿದ ಹನಿಯ ಶ್ರಮ ಅರ್ಧ ವ್ಯರ್ಥ.

ಹೊತ್ತಿನ ಲೆಕ್ಕ ಹೀಗಿರಲಿ:

1. ಬೆಳಗ್ಗೆ 6ಕ್ಕೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ, ಒಂದು ಲೋಟ ಬರೀ ನೀರಿನ ಜೊತೆ. ನಿಂಬೆಹಣ್ಣು, ಜೀರಿಗೆ, ಮೆಂತ್ಯದ ನೀರು ಬೇಡ.
2. 7ಕ್ಕೆ ಕಾಫಿ. ಅರ್ಧ ಗಂಟೆ ಕನಿಷ್ಠ, ಒಂದು ಗಂಟೆ ಉತ್ತಮ. ಹಾಲಿಲ್ಲದ ಡಿಕಾಕ್ಷನ್ ಆದರೂ ಅಷ್ಟೇ, ಕಾಫಿಯೇ ಮಾತ್ರೆಯನ್ನು ತಡೆಯುತ್ತದೆ.
3. 7ರ ನಂತರ ತಿಂಡಿ.
4. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಎದೆಯುರಿಯ ಸಿರಪ್ಪು 10 ಗಂಟೆಯ ನಂತರ. ಒಟ್ಟು 4 ಗಂಟೆ ಅಂತರ. ಮಧ್ಯಾಹ್ನದ ಊಟಕ್ಕೆ ಇಟ್ಟುಕೊಂಡರೆ ಮರೆಯುವುದಿಲ್ಲ.

ನಮ್ಮ ಕಡೆ ಬೆಳಗ್ಗೆ ಎದ್ದ ಕೂಡಲೇ ರಾಗಿ ಅಂಬಲಿಯೋ ರಾಗಿ ಮಾಲ್ಟೋ ಕುಡಿಯುವ ಅಭ್ಯಾಸ ಅನೇಕರಿಗಿದೆ. ರಾಗಿ ಒಳ್ಳೆಯದೇ, ಮುದ್ದೆ ಬಿಡಬೇಕಿಲ್ಲ. ಆದರೆ 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ, ನಾರಿನಂಶವೂ ಹೆಚ್ಚು. ಮಾತ್ರೆ ನುಂಗಿ ಹತ್ತೇ ನಿಮಿಷಕ್ಕೆ ಅಂಬಲಿ ಕುಡಿದರೆ ಎರಡೂ ಹೊಟ್ಟೆಯಲ್ಲಿ ಒಟ್ಟಿಗೇ ಇರುತ್ತವೆ. ಅಂಬಲಿಯನ್ನು 7ರಾಚೆಗೆ ತಳ್ಳಿ. ಎಲೆಕೋಸು, ಹೂಕೋಸು ಪೂರ್ತಿ ಬಿಟ್ಟುಬಿಡಿ ಎನ್ನುವ ಸಲಹೆಗೆ ಇಷ್ಟು ಬೆಲೆ ಕೊಡಬೇಕಿಲ್ಲ. ಬೇಯಿಸಿ ಮಿತವಾಗಿ ತಿಂದರೆ ತೊಂದರೆಯಿಲ್ಲ.

ಐದಕ್ಕೇ ಎದ್ದು ಹಾಲು ಕರೆಯಲು, ಗದ್ದೆಗೆ ನೀರು ಬಿಡಲು ಹೋಗುವವರಿಗೆ ಕಾಫಿ ಇಲ್ಲದೆ ಒಂದು ಗಂಟೆ ಕಳೆಯುವುದು ಕಷ್ಟ. ಅವರಿಗೆ ರಾತ್ರಿ ಮಾತ್ರೆಯೇ ವಾಸಿ: ರಾತ್ರಿ ಊಟವಾಗಿ 3 ಗಂಟೆ ಕಳೆದ ಮೇಲೆ, ಮಲಗುವ ಮುನ್ನ. ರಾತ್ರಿ ಕ್ಯಾಲ್ಸಿಯಂ ಮಾತ್ರೆಯಿದ್ದರೆ ಅದನ್ನು ಮಧ್ಯಾಹ್ನಕ್ಕೆ ಬದಲಿಸಿ. ಬೆಳಗ್ಗೆಯಿಂದ ರಾತ್ರಿಗೆ ಬದಲಾಯಿಸುವ ಮುನ್ನ ವೈದ್ಯರಿಗೆ ತಿಳಿಸಿ. ಏಕಾದಶಿ, ಶಿವರಾತ್ರಿ ಉಪವಾಸದ ದಿನವೂ ಮಾತ್ರೆ ತಪ್ಪಿಸುವಂತಿಲ್ಲ, ಅದು ಖಾಲಿ ಹೊಟ್ಟೆಗೇ ಇರುವುದು.

ಬಾಟಲಿ. ಈ ಮಾತ್ರೆಗೆ ತೇವ, ಬಿಸಿ, ಬೆಳಕು ಮೂರೂ ಆಗದು. ಒಲೆಯ ಪಕ್ಕದ ಗೂಡು, ಬಚ್ಚಲುಮನೆ, ಫ್ರಿಜ್ಜಿನ ನೆತ್ತಿ ಬೇಡ. ಒಳಗಿರುವ ಸಣ್ಣ ಪೊಟ್ಟಣ ತೇವ ಹೀರಲು ಇಟ್ಟಿರುವುದು, ಬಿಸಾಡಬೇಡಿ. ಚೀಟಿಯಲ್ಲಿ ಬರೆದ ಅಂಕಿಯನ್ನು ಬಾಟಲಿಯ ಅಂಕಿಯೊಂದಿಗೆ ಅಂಗಡಿಯಲ್ಲೇ ತಾಳೆ ನೋಡಿ: 12.5 ಮತ್ತು 125, 25 ಮತ್ತು 125 ಅದಲುಬದಲಾಗುವ ಜೋಡಿಗಳು. ಐದುಪಟ್ಟು, ಹತ್ತುಪಟ್ಟು ಡೋಸ್ ಎಂದರೆ ಎದೆಬಡಿತ, ಕೈನಡುಕ, ನಿದ್ದೆಗೇಡು. ವಯಸ್ಸಾದವರಿಗೆ ಹೃದಯಕ್ಕೇ ಪೆಟ್ಟು.

ಕಂಪನಿ. ಜನೌಷಧಿ ಕೇಂದ್ರಕ್ಕೆ ಬದಲಾಯಿಸಿದರೂ ಸರಿ, ಬೇರೆ ಕಂಪನಿಯದು ತೆಗೆದುಕೊಂಡರೂ ಸರಿ, ಬದಲಾದ ಮೇಲೆ ಒಂದೇ ಕಡೆ ನಿಲ್ಲಿ, 6ರಿಂದ 8 ವಾರಕ್ಕೆ ಟಿಎಸ್‌ಎಚ್ ಮಾಡಿಸಿ. ತಿಂಗಳಿಗೊಂದು ಕಂಪನಿ ಎಂದಾದರೆ ಅಂಕಿ ಏಕೆ ಏರಿಳಿಯಿತೆಂದು ಯಾರಿಗೂ ಹೇಳಲಾಗುವುದಿಲ್ಲ.

ಪರೀಕ್ಷೆ. ಈ ಹಾರ್ಮೋನಿನ ಅರ್ಧಾಯುಷ್ಯ, ಅಂದರೆ ಅದು ದೇಹದಲ್ಲಿ ಅರ್ಧಕ್ಕಿಳಿಯಲು ಹಿಡಿಯುವ ಸಮಯ, ಸುಮಾರು 7 ದಿನ. ಡೋಸ್ ಬದಲಾದ ಎರಡೇ ವಾರಕ್ಕೆ ರಕ್ತ ಕೊಟ್ಟರೆ ಬರುವ ಅಂಕಿ ಹಳೆಯದೂ ಅಲ್ಲ, ಹೊಸದೂ ಅಲ್ಲ. ಕೂದಲು ಉದುರುತ್ತದೆಂದು ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮುಂಚೆ ಕನಿಷ್ಠ 2 ದಿನ ನಿಲ್ಲಿಸಿ. ಹಲವು ಲ್ಯಾಬುಗಳ ವಿಧಾನದಲ್ಲಿ ಅದು ಅಂಕಿಗಳನ್ನೇ ತಿರುಚುತ್ತದೆ. ರಕ್ತ ಕೊಡುವ ದಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ. ಪ್ರತಿ ಸಲವೂ ಒಂದೇ ಲ್ಯಾಬು, ಬೆಳಗಿನ ಅದೇ ಹೊತ್ತು ಇರಲಿ. ಗರ್ಭ ನಿಂತಿದೆ ಎಂದು ತಿಳಿದ ದಿನವೇ ವೈದ್ಯರಿಗೆ ಹೇಳಿ, ಆಗ ಡೋಸ್ ಹೆಚ್ಚಿಸಬೇಕಾಗುವುದೇ ಹೆಚ್ಚು.

ಥೈರಾಯ್ಡ್ ಹೆಚ್ಚಿರುವವರ, ಅಂದರೆ ಗ್ರೇವ್ಸ್ ಕಾಯಿಲೆಯವರ ಲೆಕ್ಕ ಬೇರೆ. ಕಣ್ಣು ಮುಂದೆ ಬರುವ ತೊಂದರೆ ಇವರಲ್ಲೇ ಹೆಚ್ಚು. ರೇಡಿಯೋ ಅಯೋಡಿನ್ ಚಿಕಿತ್ಸೆಯ ಮಾತು ಬಂದರೆ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ, ಆ ಚೀಟಿಯನ್ನು ಥೈರಾಯ್ಡ್ ವೈದ್ಯರಿಗೆ ತೋರಿಸಿ. ಕಣ್ಣಿನ ಊತ ಜೋರಾಗಿರುವಾಗ ಆ ಚಿಕಿತ್ಸೆ ಕಣ್ಣನ್ನು ಇನ್ನಷ್ಟು ಕೆಡಿಸಬಹುದು. ಕೊಡಲೇಬೇಕಾದರೆ ಜೊತೆಗೆ ಸ್ಟೀರಾಯ್ಡ್ ಕೊಡುವುದುಂಟು. ಆಮೇಲೆ ಹಾರ್ಮೋನ್ ತೀರಾ ಇಳಿದುಹೋಗಲು ಬಿಟ್ಟರೂ ಕಣ್ಣಿಗೆ ಕೆಡುಕೇ.

## ಹಂತ 4: ಯಾವ ಹನಿ

ಒಣಗಣ್ಣಿನ ಹನಿ ಎಂದು ಸಿಗುವವುಗಳಲ್ಲಿ ಸಾಮಾನ್ಯವಾದದ್ದು ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ 0.5% ಅಥವಾ 1%. ಇನ್ನೊಂದು ಸೋಡಿಯಂ ಹೈಲುರೊನೇಟ್ 0.1% ಅಥವಾ 0.18%. ಶೇಕಡಾ ಹೆಚ್ಚಿದ್ದಷ್ಟೂ ಮಂದ, ಹೆಚ್ಚು ಹೊತ್ತು ನಿಲ್ಲುತ್ತದೆ, ಹಾಕಿದ ಮೇಲೆ ಕೊಂಚ ಹೊತ್ತು ಮಂಜು. ಹಗಲಿಗೆ ತೆಳುವಾದದ್ದು, ಸಂಜೆಗೆ ಮಂದವಾದದ್ದು.

ಹೆಸರಿಗಿಂತ ಮುಖ್ಯ, ಅದರಲ್ಲಿ ಕೆಡದಂತೆ ಹಾಕಿರುವ ಸಂರಕ್ಷಕ ಇದೆಯೇ ಎಂಬುದು. ಬೆನ್ಜಾಲ್ಕೋನಿಯಂ ಕ್ಲೋರೈಡ್ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ದಿನಕ್ಕೆ 4 ಸಲದ ಮೇಲೆ ಹಾಕಬೇಡಿ. ಒಣಗಿದ ಕಣ್ಣಿನ ಮೇಲ್ಪದರವನ್ನು ಅದೇ ಸವೆಸುತ್ತದೆ. ಹೆಚ್ಚು ಸಲ ಬೇಕಿದ್ದರೆ ಸಂರಕ್ಷಕವಿಲ್ಲದ ಹನಿ ಕೇಳಿ: ಒಂದು ದಿನಕ್ಕೆ ಮುರಿದು ಬಳಸುವ ಪುಟ್ಟ ಟ್ಯೂಬುಗಳು, ಇಲ್ಲವೇ ವಿಶೇಷ ಮುಚ್ಚಳದ ಬಾಟಲಿ. ಖರ್ಚು ಜಾಸ್ತಿ, ಆದರೆ ದಿನಕ್ಕೆ ಎಂಟು ಸಲ ಹಾಕುವವರು ಇದರಲ್ಲಿ ಚೌಕಾಸಿ ಮಾಡಬಾರದು. ಮಾಮೂಲಿ ಬಾಟಲಿಯಾದರೆ ತೆರೆದ ತಾರೀಖನ್ನು ಅದರ ಮೇಲೇ ಬರೆದು, ಒಂದು ತಿಂಗಳಾದ ಮೇಲೆ ಉಳಿದಿದ್ದರೂ ಎಸೆಯಿರಿ.

ಬಳಸಬಾರದ್ದು: ಕೆಂಪು ತೆಗೆಯುತ್ತದೆಂದು ಕೊಡುವ ನಾಫಾಜೊಲಿನ್ ಹನಿ, ಹಾಕುವುದನ್ನು ನಿಲ್ಲಿಸಿದ ಮೇಲೆ ಕಣ್ಣು ಇನ್ನಷ್ಟು ಕೆಂಪಾಗುತ್ತದೆ. ಪಕ್ಕದ ಮನೆಯವರಿಗೆ ಬರೆದುಕೊಟ್ಟ ಸ್ಟೀರಾಯ್ಡ್ ಹನಿ ಎರಡೇ ದಿನದಲ್ಲಿ ಹಿತ ಕೊಡುತ್ತದೆ, ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿಸಿ ಪೊರೆಯನ್ನೂ ತರುತ್ತದೆ. ಪನ್ನೀರು, ಜೇನು, ಹರಳೆಣ್ಣೆ, ತುಪ್ಪ, ಎದೆಹಾಲು ಇವ್ಯಾವುವನ್ನೂ ಕಣ್ಣಿಗೆ ಬಿಡಬೇಡಿ. ಮನೆಮದ್ದಿನ ಮೇಲೆ ಕೋಪವೇನಿಲ್ಲ, ಆದರೆ ಇವು ಕ್ರಿಮಿರಹಿತವಲ್ಲ, ಒಣಗಿದ ಕಣ್ಣಿಗೆ ಸೋಂಕು ಬೇಗ ತಗಲುತ್ತದೆ.

ನೆಗಡಿಗೆ, ತುರಿಕೆಗೆ ನುಂಗುವ ಸೆಟ್ರಿಜಿನ್ ತರಹದ ಮಾತ್ರೆ, ನಿದ್ದೆಗೆ ಅಥವಾ ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್ ಇವೂ ಕಣ್ಣು ಒಣಗಿಸುತ್ತವೆ. ನಿಲ್ಲಿಸಿ ಎನ್ನುತ್ತಿಲ್ಲ, ಕಣ್ಣಿನ ವೈದ್ಯರಿಗೆ ಪಟ್ಟಿ ತೋರಿಸಿ.

## ಹಂತ 5: ಹನಿ ಹಾಕುವ ಕೈ

1. ಸೋಪಿನಲ್ಲಿ ಕೈ ತೊಳೆದು ಒರೆಸಿ.
2. ಕೂತು ತಲೆ ಹಿಂದೆ ಬಾಗಿಸಿ, ಅಥವಾ ಮಲಗಿ. ಮೇಲೆ ಫ್ಯಾನ್ ತಿರುಗುತ್ತಿದ್ದರೆ ಆರಿಸಿ.
3. ಕೆಳರೆಪ್ಪೆಯನ್ನು ಬೆರಳಿನಿಂದ ಕೆಳಗೆ ಎಳೆದು ಸಣ್ಣ ಜೇಬು ಮಾಡಿ. ನೋಟ ಮೇಲಕ್ಕೆ.
4. ಬಾಟಲಿಯ ತುದಿ ರೆಪ್ಪೆಗೂ ಕೂದಲಿಗೂ ತಾಗದಂತೆ ಒಂದೇ ಹನಿ ಬಿಡಿ.
5. ಕಣ್ಣನ್ನು ಮೆಲ್ಲನೆ ಮುಚ್ಚಿ 1ರಿಂದ 2 ನಿಮಿಷ ಇರಿ. ಹಿಂಡಬೇಡಿ, ಪಟಪಟನೆ ಬಡಿಯಬೇಡಿ. ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಹನಿ ಗಂಟಲಿಗಿಳಿಯುವುದು ತಪ್ಪುತ್ತದೆ.

ಎರಡು ಹನಿ ಹಾಕಿದರೆ ಎರಡುಪಟ್ಟು ಗುಣ ಬರುವುದಿಲ್ಲ. ಬಾಟಲಿಯ ಒಂದು ಹನಿ 30ರಿಂದ 50 ಮೈಕ್ರೋಲೀಟರ್. ಕಣ್ಣು ಹಿಡಿದಿಟ್ಟುಕೊಳ್ಳುವುದು ಹೆಚ್ಚೆಂದರೆ 30ರ ಆಸುಪಾಸು. ಎರಡನೆಯದು ಮೊದಲನೆಯದನ್ನೂ ಕೊಚ್ಚಿಕೊಂಡು ಹೋಗುತ್ತದೆ. ಬೇರೆ ಬೇರೆ ಹನಿಗಳಿದ್ದರೆ ನಡುವೆ 5 ನಿಮಿಷ, ಜೆಲ್‌ಗೆ ಮುಂಚೆ 10 ನಿಮಿಷ, ಮುಲಾಮು ಯಾವಾಗಲೂ ಕೊನೆಗೆ.

ಉರಿ ಬಂದಾಗ ಮಾತ್ರ ಹಾಕುವುದು ಇನ್ನೊಂದು ತಪ್ಪು. ಉರಿ ಶುರುವಾದಾಗ ಮೇಲ್ಪದರ ಆಗಲೇ ಒಣಗಿರುತ್ತದೆ. ಬೆಳಗ್ಗೆ ಎದ್ದ ಮೇಲೆ, 11ಕ್ಕೆ, 4ಕ್ಕೆ, ಮಲಗುವ ಮುನ್ನ ಎಂದು ಹೊತ್ತು ಕಟ್ಟಿಕೊಳ್ಳಿ. ಬೈಕ್ ಹತ್ತುವ ಹತ್ತು ನಿಮಿಷ ಮುಂಚಿನ ಹನಿ, ಇಳಿದ ಮೇಲಿನ ಹನಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

## ಹಂತ 6: ರೆಪ್ಪೆಯಂಚಿನ ಶಾಖ

ಬೆಳಗ್ಗೆ ರೆಪ್ಪೆಯಂಚಿಗೆ ಗೀಜು, ಹೊಟ್ಟಿನಂಥ ಪುಡಿ ಅಂಟಿದ್ದರೆ ಎಣ್ಣೆ ಗ್ರಂಥಿ ಕಟ್ಟಿಕೊಂಡಿದೆ. ಮಂದವಾದ ಎಣ್ಣೆ ಕರಗಲು ಸುಮಾರು 40 ಡಿಗ್ರಿ ಬಿಸಿ ಬೇಕು, ಅದೂ 5ರಿಂದ 10 ನಿಮಿಷ. ಒದ್ದೆ ಬಟ್ಟೆ ಎರಡೇ ನಿಮಿಷಕ್ಕೆ ಆರುತ್ತದೆ; ಅದಕ್ಕೇ ಎರಡು ಬಟ್ಟೆ, ಒಂದು ಕಣ್ಣಿನ ಮೇಲೆ, ಇನ್ನೊಂದು ಬಿಸಿನೀರಿನಲ್ಲಿ. ಮಣಿಕಟ್ಟಿನ ಒಳಗೆ ಇಟ್ಟು ನೋಡಿ, ಹಿತವಾಗಿದ್ದರೆ ಸರಿ, ಚುರುಗುಟ್ಟಿದರೆ ಬೇಡ. ಶಾಖವಾದ ಕೂಡಲೇ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಬೆರಳ ತುದಿಯಿಂದ ಹಗುರವಾಗಿ ನೀವಿ, ಆಮೇಲೆ ಅಂಚನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ದಿನಕ್ಕೆ ಎರಡು ಸಲ, ಕನಿಷ್ಠ ಒಂದು ತಿಂಗಳು ಬಿಡದೆ.

ಇಲ್ಲೊಂದು ತಿರುವಿದೆ. ರೆಪ್ಪೆ ಕೆಂಪಗೆ ಊದಿ, ಕಣ್ಣು ಹೊರಳಿಸಿದರೆ ನೋವಿದ್ದರೆ, ಅದು ಥೈರಾಯ್ಡಿನ ಊತ ಏರುಗತಿಯಲ್ಲಿರುವ ಸೂಚನೆ. ಆಗ ಬಿಸಿ ಶಾಖ ಬಿಟ್ಟು ತಣ್ಣೀರಿನ ಪಟ್ಟಿ ಇಡಿ, ವೈದ್ಯರನ್ನು ಕಾಣಿ.

ರೆಪ್ಪೆಯ ಒಳಂಚಿಗೆ ಕಾಡಿಗೆ ತೀಡುವುದನ್ನು ನಿಲ್ಲಿಸಿ. ಎಣ್ಣೆ ಗ್ರಂಥಿಗಳ ಬಾಯಿ ಇರುವುದು ಅಲ್ಲೇ. ಮನೆಯಲ್ಲಿ ಹಣತೆಗೆ ಹಿಡಿದು ಮಾಡಿದ ಕಾಡಿಗೆಯಾದರೂ ಅಷ್ಟೇ.

## ಹಂತ 7: ರಾತ್ರಿಯ ಕಾವಲು

ರೆಪ್ಪೆ ಮುಚ್ಚದವರಿಗೆ ಇಡೀ ದಿನದ ಉಪಚಾರ ರಾತ್ರಿಯೇ ಕಳೆದುಹೋಗುತ್ತದೆ. ಮಲಗುವ ಮುನ್ನ ಕೆಳರೆಪ್ಪೆಯ ಒಳಗೆ ಅಕ್ಕಿಕಾಳಿನಷ್ಟು ಒಣಗಣ್ಣಿನ ಮುಲಾಮು. ಅರ್ಧ ಗಂಟೆ ಮಂಜು ಸಹಜ, ಹಾಗಾಗಿ ಬಚ್ಚಲಿಗೆ ಹೋಗಿ ಬಂದು, ದೀಪ ಆರಿಸುವ ಮುನ್ನ ಹಾಕಿ.

ಅದು ಸಾಲದಿದ್ದರೆ ಚರ್ಮಕ್ಕೆ ಮೆತ್ತಗಿರುವ ಕಾಗದದ ಟೇಪಿನಿಂದ ರೆಪ್ಪೆ ಮುಚ್ಚಿಸುತ್ತಾರೆ. ಮೊದಲ ಸಲ ವೈದ್ಯರೋ ನರ್ಸೋ ತೋರಿಸಿಕೊಡಲಿ. ಟೇಪಿನ ಕೆಳಗೆ ಕಣ್ಣು ತೆರೆದುಕೊಂಡರೆ ಅದೇ ಕರಿಗುಡ್ಡೆಯನ್ನು ಉಜ್ಜುತ್ತದೆ. ಬರೀ ಹತ್ತಿಯಿಟ್ಟು ಕಟ್ಟುವುದಂತೂ ಬೇಡ.

ತಲೆದಿಂಬು ಎರಡು, ತಲೆ ಎತ್ತರವಾಗಿರಲಿ; ಬೆಳಗಿನ ರೆಪ್ಪೆಯ ಊತ ಇಳಿಯುತ್ತದೆ. ಫ್ಯಾನ್ ಗಾಳಿ ನೇರ ಮುಖಕ್ಕೆ ಬೀಳದಂತೆ ಮಂಚ ಸರಿಸಿ, ಟೇಬಲ್ ಫ್ಯಾನಾದರೆ ಕಾಲ ಕಡೆಗೆ ತಿರುಗಿಸಿ.

## ಹಂತ 8: ಗಾಳಿ, ಹೊಗೆ, ಪರದೆ

ಬೀಡಿ, ಸಿಗರೇಟು ಸೇದುವ ಥೈರಾಯ್ಡ್ ರೋಗಿಗಳಲ್ಲಿ ಕಣ್ಣಿನ ಕಾಯಿಲೆ ಬರುವುದೂ ಹೆಚ್ಚು, ಉಲ್ಬಣಿಸುವುದೂ ಹೆಚ್ಚು, ಚಿಕಿತ್ಸೆಗೆ ಬಗ್ಗುವುದು ಕಡಿಮೆ. ಬೇರೆ ಎಲ್ಲ ಸಲಹೆ ಬಿಟ್ಟರೂ ಇದೊಂದನ್ನು ಬಿಡಬೇಡಿ.

ಮಂಡ್ಯ ಸೀಮೆಯಲ್ಲಿ ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಹಾಕುವ ಹೊತ್ತು, ಆಲೆಮನೆಯ ಒಲೆಯ ಮುಂದಿನ ಕೆಲಸ, ಭತ್ತ ತೂರುವ ದೂಳು ಒಣಗಣ್ಣಿಗೆ ಬಲು ಕೆಟ್ಟವು. ಮಾಮೂಲಿ ಕನ್ನಡಕ ಸಾಲದು, ಪಕ್ಕದಿಂದಲೂ ಮುಚ್ಚುವ ಕನ್ನಡಕ ಬೇಕು. ಕೆಲಸ ಮುಗಿದ ಮೇಲೆ ಕಣ್ಣು ಉಜ್ಜದೆ, ನಲ್ಲಿ ನೀರು ಎರಚದೆ, ಸಂರಕ್ಷಕವಿಲ್ಲದ ಹನಿ ಹಾಕಿ. ಬೈಕಿನಲ್ಲಿ ಹೆಲ್ಮೆಟ್ಟಿನ ಗಾಜು ಇಳಿಸಿ. ಮೈಸೂರು–ಬೆಂಗಳೂರು ರೈಲಿನಲ್ಲಿ ದಿನವೂ ಓಡಾಡುವವರು ಕಿಟಕಿಯ ಗಾಳಿಗೆ ಮುಖ ಕೊಡದ ಕಡೆ ಕೂರಿ. ಎಸಿ ಬಸ್ಸಿನಲ್ಲಿ ತಲೆಯ ಮೇಲಿನ ಗಾಳಿಕಿಂಡಿಯನ್ನು ಬೇರೆ ಕಡೆ ತಿರುಗಿಸಿ.

ಪರದೆ ನೋಡುವಾಗ ರೆಪ್ಪೆ ಬಡಿತ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗಿಡಿ, ಆಗ ಕಣ್ಣು ಅಗಲವಾಗಿ ತೆರೆಯುವುದಿಲ್ಲ. 20 ನಿಮಿಷಕ್ಕೊಮ್ಮೆ 20 ಅಡಿ ದೂರವನ್ನು 20 ಸೆಕೆಂಡ್ ನೋಡಿ, ಆ ಹೊತ್ತಿನಲ್ಲೇ ಮೇಲಿನ ರೆಪ್ಪೆ ಕೆಳಗಿನದನ್ನು ಮುಟ್ಟುವಂತೆ ಹತ್ತು ಸಲ ಪೂರ್ತಿ ಮುಚ್ಚಿ ತೆರೆಯಿರಿ. ಅರೆಬಡಿತ ಲೆಕ್ಕಕ್ಕಿಲ್ಲ.

ಮೀನೆಣ್ಣೆಯ ಒಮೆಗಾ-3 ಗುಳಿಗೆಗೆ ದುಡ್ಡು ಸುರಿಯುವ ಮುಂಚೆ ಯೋಚಿಸಿ. 2018ರಲ್ಲಿ ಪ್ರಕಟವಾದ ಅಮೆರಿಕದ ಡ್ರೀಮ್ ಅಧ್ಯಯನದಲ್ಲಿ ಅದು ಒಣಗಣ್ಣಿಗೆ ಆಲಿವ್ ಎಣ್ಣೆಯ ಗುಳಿಗೆಗಿಂತ ಹೆಚ್ಚಿನ ಗುಣವನ್ನೇನೂ ತೋರಿಸಲಿಲ್ಲ. ಸೆಲೆನಿಯಂ ಮಾತು ಬೇರೆ: ಥೈರಾಯ್ಡ್ ಕಣ್ಣಿನ ಸೌಮ್ಯ ಹಂತದಲ್ಲಿ 100 ಮೈಕ್ರೋಗ್ರಾಂ ದಿನಕ್ಕೆ ಎರಡು ಸಲ, 6 ತಿಂಗಳು ಕೊಡುವುದುಂಟು. ಅದು ವೈದ್ಯರ ನಿರ್ಧಾರ, ಹೆಚ್ಚಾದರೆ ಸೆಲೆನಿಯಂ ವಿಷವೇ.

## ಹಂತ 9: ಎಂಟು ವಾರದ ನಂತರವೂ ಉಳಿದರೆ

ನೋಟ್‌ಬುಕ್ಕಿನಲ್ಲಿ ವಾರಕ್ಕೊಮ್ಮೆ ಉರಿಗೆ 10ರಲ್ಲಿ ಅಂಕ, ಹನಿ ಎಷ್ಟು ಸಲ, ಹೆಚ್ಚು ಕಾಡಿದ ಹೊತ್ತು ಬರೆಯುತ್ತಾ ಬನ್ನಿ. ಎಂಟು ವಾರಕ್ಕೂ ಅಂಕ ಇಳಿಯದಿದ್ದರೆ ಅದನ್ನು ಹಿಡಿದು ಕಣ್ಣಿನ ವೈದ್ಯರ ಹತ್ತಿರ ಹೋಗಿ.

ಮುಂದಿನ ಮೆಟ್ಟಿಲು ಸಾಮಾನ್ಯವಾಗಿ ಸೈಕ್ಲೊಸ್ಪೊರಿನ್ ಹನಿ. ಹಾಕಿದಾಗ ಉರಿಯುತ್ತದೆ, ಗುಣ ಕಾಣಲು ಮೂರು ತಿಂಗಳಾದರೂ ಹಿಡಿಯಬಹುದು. ಎರಡನೇ ವಾರಕ್ಕೆ "ಇದು ನಮಗೆ ಆಗಿಬರಲಿಲ್ಲ" ಎಂದು ಬಿಡುವವರೇ ಹೆಚ್ಚು. ಕಣ್ಣೀರು ಮೂಗಿಗೆ ಹರಿಯುವ ಸಣ್ಣ ತೂತಿಗೆ ಬಿರಡೆ ಹಾಕುವುದು ಇನ್ನೊಂದು ದಾರಿ, ಆದರೆ ರೆಪ್ಪೆಯ ಉರಿಯೂತ ಇಳಿದ ಮೇಲೆ.

ಥೈರಾಯ್ಡ್ ಕಣ್ಣಿನ ಊತ ಏರುಗತಿಯಲ್ಲಿ ಇರುವುದು ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷ. ಜೋರಾಗಿದ್ದರೆ ಆ ಅವಧಿಯಲ್ಲೇ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಸ್ಟೀರಾಯ್ಡ್ ಕೊಡುತ್ತಾರೆ. ಕಾಯಿಲೆಯಿಂದ ದೃಷ್ಟಿಗೆ ಅಪಾಯವಿಲ್ಲದಿದ್ದರೆ ಶಸ್ತ್ರಚಿಕಿತ್ಸೆ ಊತ ತಣಿದು ಸುಮಾರು ಆರು ತಿಂಗಳು ಸ್ಥಿರವಾಗಿದ್ದ ಮೇಲೆ, ಅದೂ ಒಂದು ಕ್ರಮದಲ್ಲಿ: ಮೊದಲು ಕಣ್ಣುಗೂಡಿನ ಜಾಗ ಹೆಚ್ಚಿಸುವುದು, ಆಮೇಲೆ ಮೆಳ್ಳೆ ಸರಿಪಡಿಸುವುದು, ಕೊನೆಗೆ ರೆಪ್ಪೆ. ರೆಪ್ಪೆಯನ್ನೇ ಮೊದಲು ಮಾಡಿಸಿಕೊಂಡರೆ ಮುಂದಿನ ಎರಡು ಶಸ್ತ್ರಚಿಕಿತ್ಸೆಗಳಲ್ಲಿ ರೆಪ್ಪೆಯ ಮಟ್ಟ ಮತ್ತೆ ಬದಲಾಗುತ್ತದೆ.

ಕಣ್ಣು ಒಣಗಿರುವಾಗ ಹೊಸ ಕನ್ನಡಕದ ನಂಬರ್ ತೆಗೆಸಬೇಡಿ. ಒಡೆದ ಕಣ್ಣೀರಿನ ಪದರದ ಮೂಲಕ ಬೆಳಗಿನ ನಂಬರ್ ಒಂದು, ಸಂಜೆಯದು ಇನ್ನೊಂದು ಬರುತ್ತದೆ. ಪೊರೆಯ ಶಸ್ತ್ರಚಿಕಿತ್ಸೆಗೆ ಮುಂಚೆ ಒಳಗೆ ಕೂರಿಸುವ ಲೆನ್ಸಿನ ಅಳತೆಗೂ ಇದೇ ಮಾತು: ದಿನ ಗೊತ್ತುಮಾಡುವ ಮುಂಚೆಯೇ ಒಣಗಣ್ಣು, ಥೈರಾಯ್ಡ್ ಎರಡೂ ಇವೆ ಎಂದು ಹೇಳಿ, ನಾಲ್ಕಾರು ವಾರ ಹನಿ ಮತ್ತು ಶಾಖ ನಡೆಸಿ, ಕಣ್ಣಿನ ಮೇಲ್ಪದರ ತಿಳಿಯಾದ ಮೇಲೆ ಅಳತೆ ತೆಗೆಸಿ.